ವೋಲ್ಟೇಜ್ ಇಳಿದರೆ ವಾಟರ್ ಹೀಟರ್ ರಾಡ್ ಯಾಕೆ ನಿಧಾನ?

ನಿಮ್ಮ ರಾಡ್ ಮೇಲೆ 1500 ವ್ಯಾಟ್ ಅಂತ ಬರೆದಿದೆ, 230 ವೋಲ್ಟ್ ಇರುವಾಗ ಕ್ಲಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) 6.5 ಆಂಪಿಯರ್ ತೋರಿಸುತ್ತಿದೆ, ಸಂಜೆ 180 ವೋಲ್ಟ್‌ಗೆ ಇಳಿದಾಗ ನೀರು ಬೇಗ ಕಾಯುವುದಿಲ್ಲ ಅಂತ ಕೇಳಿದ್ದೀರಿ. ರಾಡ್ ಸರಿಯಾಗೇ ಇದೆ, ಸುಮ್ನೆ ಹೊಸದು ತರಬೇಡಿ.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಅಂದರೆ ಕರೆಂಟಿನ ಹರಿವಿಗೆ ತಂತಿ ಒಡ್ಡುವ ತಡೆ: 230 ÷ 6.5, ಅಂದರೆ ಸುಮಾರು 35.4 ಓಮ್. ಎರಡನ್ನೂ ಗುಣಿಸಿದರೆ ಪವರ್: 1495 ವ್ಯಾಟ್. ಲೆಕ್ಕ ಕೂಡಿಬಂತು ಅಲ್ವಾ?

ಈಗ ಸಂಜೆಯ ಕಥೆ. ರಾಡಿನ ಒಳಗಿರುವ ನೈಕ್ರೋಮ್ ತಂತಿಯ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಹಾಗಾಗಿ ವೋಲ್ಟೇಜ್ ಇಳಿದರೆ ಕರೆಂಟೂ ಇಳಿಯುತ್ತದೆ. 180 ÷ 35.4 = 5.08 ಆಂಪಿಯರ್. ಪವರ್ ಬರೀ 915 ವ್ಯಾಟ್! ವೋಲ್ಟೇಜ್ ಕಡಿಮೆಯಾಗಿದ್ದು ಶೇಕಡಾ 22, ಪವರ್ ಹೋಗಿದ್ದು ಶೇಕಡಾ 39. ಒಂದು ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆಗಿಂತ ಜಾಸ್ತಿ ಬೇಕು.

ಹಳೇ ಫಿಲಮೆಂಟ್ ಬಲ್ಬಿಗೆ ಮಾತ್ರ ಹೀಗೆ ಲೆಕ್ಕ ಹಾಕಬೇಡಿ. ಅದರ ಟಂಗ್‌ಸ್ಟನ್ ತಂತಿ ತಣ್ಣಗಿದ್ದಾಗ ರೆಸಿಸ್ಟೆನ್ಸ್ ತುಂಬಾ ಕಡಿಮೆ, ಉರಿಯುವಾಗ ಹತ್ತು ಪಟ್ಟಿಗೂ ಜಾಸ್ತಿ. ಪಂಪ್ ಮೋಟಾರಿಗೂ ವೋಲ್ಟೇಜ್, ಕರೆಂಟ್ ಎರಡನ್ನೇ ಗುಣಿಸಿದರೆ ಸಾಲದು, ಪವರ್ ಫ್ಯಾಕ್ಟರಿನಿಂದಲೂ (ಆ ಗುಣಲಬ್ಧದಲ್ಲಿ ನಿಜವಾದ ಪವರ್ ಎಷ್ಟು ಪಾಲು ಅಂತ ಹೇಳುವ ಸಂಖ್ಯೆ) ಗುಣಿಸಬೇಕು.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. 6.5 ಆಂಪಿಯರ್ ಎಳೆಯುವ ರಾಡನ್ನು 6 ಆಂಪಿಯರ್‌ನ ಚಿಕ್ಕ ಸಾಕೆಟ್ಟಿಗೆ ಹಾಕಬೇಡಿ. 16 ಆಂಪಿಯರ್‌ನದ್ದೇ ಬಳಸಿ, ಅರ್ಥಿಂಗ್ ಇರಲಿ.