ಎಂಜಿನ್ ಕಾದರೆ ಮೊದಲು ಎಕ್ಸಾಸ್ಟ್ ನೋಡಿ
ಹಾಯಿದೋಣಿಯಲ್ಲಿ ದಡದಿಂದ ಎರಡು ದಿನ ದೂರ ಇರುವಾಗ ಎಂಜಿನ್ ಟೆಂಪರೇಚರ್ ಅಲಾರಂ ಹೊಡೆದುಕೊಂಡರೆ ಏನು ಮಾಡೋದು ಅಂತ ಕೇಳಿದ್ದೀರಿ. ಹಿಂದೆ ಬಗ್ಗಿ ನೋಡಿ: ಎಕ್ಸಾಸ್ಟ್‌ನಲ್ಲಿ ನೀರಿಲ್ಲ, ಬರೀ ಹಬೆ ಅಂದರೆ ಎಂಜಿನ್ ತಂಪು ಮಾಡುವ ಸಮುದ್ರದ ನೀರು ಒಳಗೆ ಬರುತ್ತಿಲ್ಲ. ತಕ್ಷಣ ಎಂಜಿನ್ ಆಫ್ ಮಾಡಿ. ಗಾಬರಿ ಬೇಡ, ನಿಮ್ಮದು ಹಾಯಿದೋಣಿ ಅಲ್ವಾ, ಗಾಳಿ ಇದ್ದರೆ ಸಾಗುತ್ತಲೇ ಇರಿ. ಸೀಕಾಕ್ (ಸಮುದ್ರದ ನೀರು ಒಳಬರುವ ವಾಲ್ವ್) ಮುಚ್ಚಿ, ಸ್ಟ್ರೇನರ್ (ಆ ನೀರು ಸೋಸುವ ಜಾಲರಿ) ಬಿಚ್ಚಿ; ಪಾಚಿ ಕಟ್ಟಿದ್ದರೆ ತೆಗೆದುಹಾಕಿ. ಅದು ಸರಿಯಿದ್ದರೆ ಪಂಪಿನ ಒಳಗೆ ತಿರುಗಿ ನೀರು ತಳ್ಳುವ ರಬ್ಬರ್ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್ ಮೇಲೇ ಜಾಸ್ತಿ ಅನುಮಾನ. ಅದನ್ನು ಬದಲಿಸುವಾಗ ಹಳೆಯದರ ರೆಕ್ಕೆ ಬಾಗಿದ್ದ ಕಡೆಗೇ ಹೊಸದನ್ನೂ ಬಾಗಿಸಿ ಕೂರಿಸಿ. ಹಳೆಯದರ ರೆಕ್ಕೆ ಎಣಿಸಿ ನೋಡಿ. ನನ್ನದರಲ್ಲಿ ಎರಡು ಕಾಣೆಯಾಗಿದ್ದವು, ಸುಮ್ನೆ ಬಿಟ್ಟೆ, ಒಂದೇ ಗಂಟೆಯಲ್ಲಿ ಮತ್ತೆ ಕಾಯಿತು, ನೋಡಿದರೆ ಆ ರೆಕ್ಕೆ ಚೂರುಗಳು ಹೀಟ್ ಎಕ್ಸ್‌ಚೇಂಜರ್ (ಸಮುದ್ರದ ನೀರಿನಿಂದ ಕೂಲೆಂಟ್ ತಣಿಸುವ ಭಾಗ) ಬಾಯಲ್ಲಿ ಸಿಕ್ಕಿಕೊಂಡಿದ್ದವು. ಬಿಸಿ ಇರುವಾಗ ಕೂಲೆಂಟ್ ಮುಚ್ಚಳ ಮುಟ್ಟಬೇಡಿ. ಸ್ಟಾರ್ಟ್ ಮಾಡುವ ಮುಂಚೆ ಸೀಕಾಕ್ ತೆರೆಯಿರಿ, ಅದನ್ನೇ ಎಲ್ಲರೂ ಮರೆಯುವುದು.