ಕೊಡಗಿನಲ್ಲಿರುವ ಅಪ್ಪ ಅಮ್ಮನಿಗೆ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಅಪ್ಪ ಅಮ್ಮ ರಿಟೈರ್ ಆಗಿ ಮೂರ್ನಾಡು ಹತ್ತಿರ ಮನೆ ಮಾಡಿದ್ದಾರೆ, ಅಪ್ಪನಿಗೆ ಬಿಪಿ, ಶುಗರ್ ಎರಡೂ ಇದೆ, ನೀವು ಬೆಂಗಳೂರಿನಲ್ಲಿ ಕೂತು ಆ್ಯಪ್‌ನಲ್ಲಿ ಹುಡುಕಿದರೆ ಹತ್ತಿರದ ಒಬ್ಬ ಡಾಕ್ಟರೂ ಸಿಗುತ್ತಿಲ್ಲ ಅಂತೀರಿ. ಮದುವೆಯಾಗಿ ಮೈಸೂರಿನಿಂದ ನಾಪೋಕ್ಲು ಕಡೆಗೆ ಬಂದ ಹೊಸತರಲ್ಲಿ ನಾನೂ ಹೀಗೇ ಮೊಬೈಲ್ ಉಜ್ಜುತ್ತಾ ಕೂತಿದ್ದೆ. ನಮ್ಮ ಅತ್ತೆ ಸ್ವಲ್ಪ ಹೊತ್ತು ನೋಡಿ, ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದ ಒಂದು ನಂಬರ್ ತೋರಿಸಿದರು. ಅದು ಡಾಕ್ಟರದ್ದಲ್ಲ, ಕಾಂಪೌಂಡರದ್ದು.

ಆ ನಂಬರೇ ನಿಮಗೆ ಬೇಕಾಗಿರುವುದು. ಮೂರ್ನಾಡಿನ ಯಾವುದಾದರೂ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುತ್ತಾರೆ.

ಇಲ್ಲಿನ ಸಣ್ಣ ಕ್ಲಿನಿಕ್‌ಗಳಲ್ಲಿ ಹತ್ತೂವರೆಗೆ ಬನ್ನಿ, ಹನ್ನೊಂದಕ್ಕೆ ಬನ್ನಿ ಅಂತ ಟೈಮ್ ಕೊಡುವುದು ಕಡಿಮೆ. ಹೆಸರು ಬರೆಸಬೇಕು, ನಂಬರ್ ಸಿಗುತ್ತದೆ. ನಾವು ಹೋಗುವ ಕಡೆ ಹಿಂದಿನ ದಿನ ಸಂಜೆ ಬರೆದುಕೊಳ್ಳುತ್ತಾರೆ. ಕೆಲವು ಕಡೆ ಬೆಳಿಗ್ಗೆ ಬಾಗಿಲು ತೆಗೆದ ಮೇಲೆಯೇ. ಇದನ್ನು ಮೊದಲ ಫೋನ್‌ನಲ್ಲೇ ಕೇಳಿಕೊಳ್ಳಿ. ನಂಬರ್ ಸಿಕ್ಕಿತು ಅಂತ ಅಪ್ಪನನ್ನು ಒಂಬತ್ತಕ್ಕೇ ಕಳಿಸಿ ಬೆಂಚಿನ ಮೇಲೆ ಕೂರಿಸಬೇಡಿ. ಹೊರಡುವ ಮುಂಚೆ ಇನ್ನೊಂದು ಫೋನ್ ಮಾಡಿ, "ಈಗ ಎಷ್ಟನೇ ನಂಬರ್ ನಡೀತಿದೆ?" ಅಂತ ಕೇಳಿ. ನಮ್ಮ ಡಾಕ್ಟರು ಒಬ್ಬರಿಗೆ ಐದಾರು ನಿಮಿಷ ತೆಗೆದುಕೊಳ್ಳುತ್ತಾರೆ. ಹಾಗಾಗಿ ನಮ್ಮದು ಹದಿನೆಂಟು, ನಡೆಯುತ್ತಿರುವುದು ಆರು ಅಂದರೆ ಇನ್ನೂ ಒಂದು ಗಂಟೆ ಇದೆ ಅಂತ ಲೆಕ್ಕ. ಅಷ್ಟರಲ್ಲಿ ಕೋಳಿಗೆ ಅಕ್ಕಿ ಹಾಕಿ, ಸೀರೆ ಬದಲಾಯಿಸಿ, ಬಸ್ಸಿಗೆ ಹೊರಡಬಹುದು.

ಬಸ್ಸು ಅಂದ ಮೇಲೆ ಒಂದು ಮಾತು. ನಿಮ್ಮ ಅಪ್ಪ ಕಾರು ಓಡಿಸದಿದ್ದರೆ ಯಾವ ಬಸ್ಸಿಗೆ ಬಂದು ಯಾವ ಬಸ್ಸಿಗೆ ವಾಪಸ್ ಅನ್ನುವುದನ್ನು ಕಾಂಪೌಂಡರ್‌ಗೆ ಮೊದಲೇ ಹೇಳಿಬಿಡಿ. ಅವರಿಗೆ ಎಲ್ಲಾ ಬಸ್ಸುಗಳ ಟೈಮೂ ಬಾಯಿಪಾಠ. ಬಸ್ಸು ತಪ್ಪಿದರೆ ವಯಸ್ಸಾದವರು ಎರಡು ಗಂಟೆ ಸ್ಟ್ಯಾಂಡಿನಲ್ಲಿ ಕೂರಬೇಕು ಅಂತ ಗೊತ್ತಿರುವುದರಿಂದ ಒಂದೆರಡು ನಂಬರ್ ಆಚೀಚೆ ಮಾಡಿ ಒಳಗೆ ಬಿಡುತ್ತಾರೆ. ಇದು ವಶೀಲಿ ಅಲ್ಲ, ಇಲ್ಲಿನ ಪದ್ಧತಿ. ಆದರೆ ದಿನಾ ಇದೇ ಕಾರಣ ಹೇಳಿದರೆ ನಡೆಯುವುದಿಲ್ಲ.

ಹೆಸರು ಬರೆಸುವಾಗ ಬರೀ ಹೆಸರು ಹೇಳಬೇಡಿ. ಮನೆ ಹೆಸರು, ಊರು, ವಯಸ್ಸು ಮೂರೂ ಹೇಳಿ. ನಮ್ಮ ಅತ್ತೆಯ ಹೆಸರು ಕಾವೇರಿ. ಕೊಡಗಿನಲ್ಲಿ ಕಾವೇರಿ ಅಂತ ಕೂಗಿದರೆ ಬೆಂಚಿನಿಂದ ಮೂರು ಜನ ಏಳುತ್ತಾರೆ! ಒಂದು ಸಲ ಹೀಗೇ ಆಯಿತು. ಅತ್ತೆ ಒಳಗೆ ಹೋದರು, ಟೇಬಲ್ ಮೇಲೆ ಇದ್ದದ್ದು ಇನ್ನೊಬ್ಬ ಕಾವೇರಿಯ ಚೀಟಿ. ಡಾಕ್ಟರು ಅದನ್ನು ನೋಡಿ, "ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೋತಿದ್ದೀರಲ್ವಾ?" ಅಂದರು. ಅತ್ತೆ ಡಾಕ್ಟರ ಎದುರು ಇಲ್ಲ ಅನ್ನುವವರಲ್ಲ, ಹೂಂ ಅಂತ ತಲೆಯಾಡಿಸಿದರು. ಅವರಿಗೆ ಥೈರಾಯ್ಡೇ ಇಲ್ಲ. ಪಕ್ಕದಲ್ಲಿ ನಾನಿದ್ದೆ, ಬಚಾವಾದೆವು. ಅವತ್ತಿನಿಂದ ಅವರ ಚೀಟಿ, ರಿಪೋರ್ಟು ಎಲ್ಲಾ ಒಂದು ನೀಲಿ ಫೈಲಿನಲ್ಲಿ. ಮೇಲೆ ಮನೆ ಹೆಸರು ದಪ್ಪಕ್ಷರದಲ್ಲಿದೆ. ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಅದರಲ್ಲೇ ಹಾಕುತ್ತೇನೆ. "ಬಿಳಿ ಮಾತ್ರೆ ಒಂದು, ಅರ್ಧ ಮಾತ್ರೆ ಒಂದು" ಅಂದರೆ ಯಾವ ಡಾಕ್ಟರಿಗೆ ಏನು ಗೊತ್ತಾಗುತ್ತೆ ಹೇಳಿ?

ಫೋನ್‌ನಲ್ಲಿ ಏನು ತೊಂದರೆ ಅಂತ ಎರಡು ಮಾತಿನಲ್ಲಿ ಹೇಳಿಬಿಡಿ. ನಾಚಿಕೊಂಡು "ಸುಮ್ನೆ ತೋರಿಸಬೇಕಿತ್ತು" ಅಂದರೆ ಕೊನೆಯ ನಂಬರ್ ಸಿಗುತ್ತದೆ. ಸರಿಯಾಗಿ ಹೇಳಿದರೆ ಎಷ್ಟೋ ಸಲ ಕ್ಲಿನಿಕ್‌ಗೆ ಹೋಗುವ ಕೆಲಸವೇ ತಪ್ಪುತ್ತದೆ. ಆಗಸ್ಟ್ 3ಕ್ಕೆ ಇಲ್ಲಿ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅರೆಭಾಷೆಯವರ ಮನೆಗಳಲ್ಲಿ ಆಟಿ ಹದಿನೆಂಟು ಅಂತಾರೆ. ಅವತ್ತು ಮದ್ದು ಸೊಪ್ಪು ಬೇಯಿಸಿ ಅದರ ರಸದಲ್ಲಿ ಪಾಯಸ ಮಾಡುತ್ತಾರೆ, ನೇರಳೆ ಬಣ್ಣ, ಒಂಥರಾ ಕಾಡಿನ ಘಮ. ನಮ್ಮ ಮನೆಗೆ ಬಂದಿದ್ದ ನನ್ನ ತಮ್ಮ ಎರಡು ಬಟ್ಟಲು ಹೊಡೆದ. ಬೆಳಿಗ್ಗೆ ಬಾತ್‌ರೂಮಿನಿಂದ ಬಿಳಿಚಿಕೊಂಡು ಬಂದು "ಅಕ್ಕಾ, ಮೂತ್ರ ಕೆಂಪಗೆ ಹೋಗ್ತಿದೆ" ಅಂದ. ನಾನೂ ಹೆದರಿ ಫೋನ್ ಮಾಡಿದರೆ ಕಾಂಪೌಂಡರ್ ಕೇಳಿದ್ದು ಒಂದೇ ಪ್ರಶ್ನೆ, "ನಿನ್ನೆ ಪಾಯಸ ತಿಂದ್ರಾ?" ಆ ಸೊಪ್ಪಿನ ಬಣ್ಣವೇ ಹಾಗೆ ಇಳಿಯುತ್ತದೆ. ನಿಮ್ಮ ಅಪ್ಪ ಅಮ್ಮನಿಗೂ ಮೊದಲೇ ಹೇಳಿಡಿ. ಪಾಯಸ ತಿನ್ನದೆಯೂ ಕೆಂಪಾದರೆ ಮಾತ್ರ ಅದು ಬೇರೆ ವಿಷಯ, ತೋರಿಸಲೇಬೇಕು.

ಮಳೆಗಾಲಕ್ಕೆ ಬೇರೆಯೇ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಹೋದರೆ ಬರುವುದು ಯಾವಾಗಲೋ, ಟವರ್‌ನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಇಲ್ಲ. ಕಾವೇರಿ ತುಂಬಿದರೆ ಭಾಗಮಂಡಲ, ನಾಪೋಕ್ಲು ಕಡೆ ರಸ್ತೆ ಮೇಲೆ ನೀರು ಬರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಕುಸಿದು ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ರಸ್ತೆ ಬಂದ್ ಆಗಿತ್ತು. ಅದಕ್ಕೇ ಮೇ ಕೊನೆಯಲ್ಲೇ ಒಂದು ಸಲ ತೋರಿಸಿ, ಬಿಪಿ, ಶುಗರ್ ಮಾತ್ರೆ ಎರಡು ತಿಂಗಳಿಗೆ ಬರೆಸಿಕೊಳ್ಳಿ. ಕ್ಲಿನಿಕ್‌ಗೆ ಲ್ಯಾಂಡ್‌ಲೈನ್ ಇದ್ದರೆ ಆ ನಂಬರನ್ನೂ ಗೋಡೆಗೆ ಅಂಟಿಸಿಡಿ. ಹೋಗಲು ಆಗಲಿಲ್ಲ ಅಂದರೆ ಹೇಗಾದರೂ ತಿಳಿಸಿ, ಆ ನಂಬರ್ ಇನ್ನೊಬ್ಬರಿಗೆ ಸಿಗಲಿ. ಹೇಳದೆ ಕೇಳದೆ ಎರಡು ಸಲ ತಪ್ಪಿಸಿದರೆ ಮೂರನೇ ಸಲ ನಿಮ್ಮ ಹೆಸರು ಕೇಳಿದಾಗಲೇ ಅವರ ದನಿ ಬದಲಾಗುತ್ತದೆ.

ಶುಗರ್ ಇರುವವರು ಟೆಸ್ಟ್ ಮತ್ತು ಡಾಕ್ಟರ ಭೇಟಿ ಎರಡನ್ನೂ ಹೊಂದಿಸಿಕೊಂಡರೆ ಅರ್ಧ ಓಡಾಟ ಉಳಿಯುತ್ತದೆ. ಫಾಸ್ಟಿಂಗ್ ಟೆಸ್ಟಿಗೆ ಎಂಟು ಗಂಟೆಯಾದರೂ ಖಾಲಿ ಹೊಟ್ಟೆ ಬೇಕು, ನೀರು ಕುಡಿಯಬಹುದು, ಕಾಫಿ ಇಲ್ಲ. ಕಾಫಿ ತೋಟದ ಮಧ್ಯೆ ಇದ್ದುಕೊಂಡು ಬೆಳಿಗ್ಗೆ ಕಾಫಿ ಬೇಡ ಅನ್ನುವುದು ಸುಲಭವಲ್ಲ, ನಮ್ಮ ಮಾವ ಎರಡು ಸಲ ಕುಡಿದೇ ಹೋಗಿ ವಾಪಸ್ ಬಂದಿದ್ದಾರೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಟೆಸ್ಟಿಗೆ ಉಪವಾಸ ಬೇಕಿಲ್ಲ. ಇವನ್ನೆಲ್ಲಾ ಡಾಕ್ಟರ ಹತ್ತಿರ ಹೋಗುವ ಎರಡು ದಿನ ಮುಂಚೆ ಮಾಡಿಸಿ, ರಿಪೋರ್ಟ್ ನಿಮಗೆ ವಾಟ್ಸ್‌ಆ್ಯಪ್ ಮಾಡಲು ಲ್ಯಾಬಿನವರಿಗೆ ಹೇಳಿ. ಬೆಂಗಳೂರಿನಲ್ಲಿ ಕೂತು ನೀವು ಮಾಡಬಹುದಾದ ಕೆಲಸ ಇದು, ಆ್ಯಪ್ ಹುಡುಕುವುದಕ್ಕಿಂತ ಉಪಯೋಗ ಜಾಸ್ತಿ.

ದೊಡ್ಡ ತೊಂದರೆಗೆ ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಅಲ್ಲಿಗೆ ಬೆಳಿಗ್ಗೆ ಬೇಗ ಹೋಗಿ ಒಪಿಡಿ ಚೀಟಿ ಮಾಡಿಸಬೇಕು. ಅಪ್ಪನ ಆಭಾ ಕಾರ್ಡ್, ಅದೇ 14 ಅಂಕಿಯ ಆರೋಗ್ಯ ಸಂಖ್ಯೆ, ಈಗಲೇ ಮಾಡಿಸಿಡಿ. ಸರ್ಕಾರಿ ಆಸ್ಪತ್ರೆಯ ಕೌಂಟರ್ ಹತ್ತಿರ ಅದರ ಕ್ಯೂಆರ್ ಕೋಡ್ ಅಂಟಿಸಿದ್ದರೆ ಸ್ಕ್ಯಾನ್ ಮಾಡಿದ ತಕ್ಷಣ ಟೋಕನ್ ಬರುತ್ತದೆ. ಹೃದಯ, ನರದ ಡಾಕ್ಟರು ಬೇಕೆಂದರೆ ಹೆಚ್ಚಿನವರು ಮೈಸೂರಿಗೇ ಹೋಗುವುದು, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಅಲ್ಲಿನ ದೊಡ್ಡ ಆಸ್ಪತ್ರೆಗಳಿಗೆ ನೀವು ಬೆಂಗಳೂರಿನಿಂದಲೇ ಬುಕ್ ಮಾಡಬಹುದು. ಬೆಳಗಿನ ಟೈಮ್ ಮಾತ್ರ ತೆಗೆದುಕೊಳ್ಳಬೇಡಿ, ಇಲ್ಲಿಂದ ಮೂರು ಗಂಟೆ ದಾರಿ. ಊರಿನ ಡಾಕ್ಟರ ಹತ್ತಿರ ಒಂದು ರೆಫರಲ್ ಚೀಟಿ ಬರೆಸಿಕೊಂಡೇ ಹೋಗಲಿ. ಎದೆ ನೋವು, ಬಾಯಿ ಸೊಟ್ಟಗಾಗುವುದು, ಉಸಿರು ಕಟ್ಟುವುದು, ಇವಕ್ಕೆಲ್ಲಾ ನಂಬರ್ ಬರೆಸುವುದಿಲ್ಲ. ನೇರ 108.

ಮೊದಲ ಸಲ ಮಾತ್ರ ನೀವೇ ಒಂದು ದಿನ ರಜೆ ಹಾಕಿ ಬಂದು ಅಪ್ಪನ ಜೊತೆ ಕ್ಲಿನಿಕ್‌ಗೆ ಹೋಗಿ, ಕಾಂಪೌಂಡರ್‌ಗೆ ಮುಖ ತೋರಿಸಿ. ಆಮೇಲೆ ಫೋನ್ ಮಾಡಿದಾಗ "ಓ, ಬೆಂಗಳೂರಿನ ಮಗನಾ?" ಅಂತ ಅವರೇ ಗುರುತು ಹಿಡಿಯುತ್ತಾರೆ. ಮಡಿಕೇರಿಯ ಕ್ಲಿನಿಕ್ ಆದರೆ ಶುಕ್ರವಾರ ಬೇಡ. ಅವತ್ತು ಅಲ್ಲಿ ಸಂತೆ. ತರಕಾರಿಗೆ ಬಂದವರೆಲ್ಲಾ ಹಾಗೇ ಕೆಮ್ಮು, ಮಂಡಿ ನೋವು ತೋರಿಸಿಕೊಂಡೇ ಹೋಗುತ್ತಾರೆ, ಬೆಂಚಿನಲ್ಲಿ ಚೀಲ ಇಡಲೂ ಜಾಗ ಇರುವುದಿಲ್ಲ.