ಸಂಜೆ ಏಳರ ಮೇಲೆ ಹೋಗುವ ದುಡ್ಡು

ಪ್ರಶ್ನೆ: ಮೇಡಂ, ನಾನು ಪ್ರೌಢಶಾಲೆ ಶಿಕ್ಷಕಿ. ಮನೆ ತಿಪಟೂರಿನಲ್ಲಿ, ಶಾಲೆಗೆ ದಿನಾ ಬಸ್ಸಿನಲ್ಲಿ ಓಡಾಟ. ದೊಡ್ಡದೇನೂ ಕೊಳ್ಳದಿದ್ದರೂ ಇಪ್ಪತ್ತನೇ ತಾರೀಕಿಗೆ ಸಂಬಳ ಖಾಲಿ. ಭಾನುವಾರ ಬಂತೆಂದರೆ ಮದುವೆ, ಗೃಹಪ್ರವೇಶ. ಸೋಮವಾರ ಇನ್ನಷ್ಟು ಸುಸ್ತು. ಲೆಕ್ಕ ಬರೆಯಲು ಕೂತರೆ ಒಂದು ವಾರವೂ ನಡೆಯುವುದಿಲ್ಲ. ಬೀದಿಯವರೆಲ್ಲ ಸೇರಿ ಹಾಕಿರುವ ಚೀಟಿಯನ್ನಾದರೂ ನಿಲ್ಲಿಸಲಾ?
– ಹೆಸರು ಬೇಡ, ತಿಪಟೂರು

ಉತ್ತರ: ಚೀಟಿಯ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಸುಸ್ತಿನ ಮಾತು. ನೀವು ದುಡ್ಡು ಬೇರೆ, ದಣಿವು ಬೇರೆ ಅಂದುಕೊಂಡು ಬರೆದಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ.

ಲೆಕ್ಕ ಬರೆಯುವುದು ಸದ್ಯಕ್ಕೆ ಬಿಡಿ. ನಿಮ್ಮ ಫೋನು ಆಗಲೇ ಬರೆದಿಟ್ಟಿದೆ. ಯುಪಿಐ ಆ್ಯಪಿನಲ್ಲಿ ಹಿಸ್ಟರಿ ತೆಗೆದು ಒಂದೊಂದು ಪಾವತಿಯ ಮೇಲೆ ಒತ್ತಿದರೆ ಗಂಟೆ, ನಿಮಿಷ ಎಲ್ಲ ಕಾಣುತ್ತದೆ. ಕಳೆದ ತಿಂಗಳದ್ದನ್ನು ತೆಗೆಯಿರಿ. ಮೊತ್ತ ನೋಡಬೇಡಿ, ಗಂಟೆ ನೋಡಿ. ಸಂಜೆ ಏಳರ ಮೇಲೆ ಹೋದದ್ದನ್ನೆಲ್ಲ ಒಂದು ಹಾಳೆಗೆ ಇಳಿಸಿ. ಬಸ್ಸಿಳಿದು ಬಂದು ಅಡುಗೆಗೆ ಕೈ ಏಳದೆ ಕಟ್ಟಿಸಿಕೊಂಡ ಪಾರ್ಸೆಲ್ ಅಲ್ಲಿರುತ್ತದೆ. ಮಲಗುವ ಮುಂಚೆ ರೀಲ್ಸ್ ನೋಡುತ್ತಾ ಆರ್ಡರ್ ಮಾಡಿದ ಕುರ್ತಿ ಇರುತ್ತದೆ. ಅದೇ ಕುರ್ತಿ ಬೆಳಿಗ್ಗೆ ಕಣ್ಣಿಗೆ ಬಿದ್ದಿದ್ದರೆ ತಗೊಳ್ಳುತ್ತಿದ್ದಿರಾ?

ನಾನು ಬ್ಯಾಂಕಿನ ಕೌಂಟರ್‌ನಲ್ಲಿ ಕೂತು ನಿವೃತ್ತಳಾದವಳು. ಆಗ ದುಡ್ಡು ತೆಗೆಯಲು ಚೀಟಿ ಬರೆದು, ಹಿತ್ತಾಳೆ ಟೋಕನ್ ಹಿಡಿದು ಬೆಂಚಿನ ಮೇಲೆ ಕಾಯಬೇಕಿತ್ತು. ಕಾಯುತ್ತಾ ಕೂತವರು ಎದ್ದು ಬಂದು, ‘ಅಷ್ಟು ಬೇಡ, ಇಷ್ಟೇ ಸಾಕು’ ಅಂತ ಬೇರೆ ಚೀಟಿ ಬರೆದುಕೊಡುವುದನ್ನು ನೋಡಿದ್ದೇನೆ. 2016ರಲ್ಲಿ ಯುಪಿಐ ಬಂತು. ಕ್ಯೂ ತಪ್ಪಿತು, ತುಂಬಾ ಒಳ್ಳೆಯದೇ ಆಯಿತು. ಆದರೆ ಯೋಚನೆ ಮಾಡಲು ಸಿಗುತ್ತಿದ್ದ ಆ ಬಿಡುವೂ ಅದರ ಜೊತೆಗೇ ಹೋಯಿತು. ಅದನ್ನು ನೀವೇ ಮಾಡಿಕೊಳ್ಳಬೇಕು. ರಾತ್ರಿ ಇಷ್ಟವಾದದ್ದನ್ನು ಕಾರ್ಟ್‌ನಲ್ಲಿ ಹಾಕಿಡಿ. ದುಡ್ಡು ಕಟ್ಟುವುದು ಮಾರನೇ ದಿನ ಶಾಲೆಯ ಊಟದ ವೇಳೆಗೆ. ಊಟಕ್ಕೆ ಭಾನುವಾರವೇ ದೋಸೆ ಹಿಟ್ಟು ರುಬ್ಬಿಟ್ಟರೆ ವಾರದ ಎರಡು ಮೂರು ಸಂಜೆ ಪಾರಾದಂತೆ.

ಇನ್ನೊಂದು ಮಾತು. ಯುಪಿಐ ಲೈಟ್ (ಸಣ್ಣ ಪಾವತಿಗೆಂದು ಆ್ಯಪಿನಲ್ಲೇ ಮುಂಚಿತವಾಗಿ ದುಡ್ಡು ತುಂಬಿಡುವ ಪರ್ಸು) ಬಳಸುತ್ತಿದ್ದರೆ, ಅದಕ್ಕೆ ತುಂಬಿದ ಮೊತ್ತ ಮಾತ್ರ ಪಾಸ್‌ಬುಕ್‌ನಲ್ಲಿ ಬರುತ್ತದೆ. ಒಂದೊಂದು ಟೀ, ಹೂವು, ಆಟೋ ಬೇರೆಬೇರೆಯಾಗಿ ಕಾಣುವುದಿಲ್ಲ. ಆ್ಯಪಿನಲ್ಲೇ ನೋಡಬೇಕು. ಹಾಗೇ ‘ಆಟೋಪೇ’ ಅನ್ನುವ ಜಾಗಕ್ಕೂ ಹೋಗಿ ಬನ್ನಿ. ಯಾವತ್ತೋ ಒಪ್ಪಿಗೆ ಕೊಟ್ಟು ಮರೆತ ಸಿನಿಮಾ ಆ್ಯಪ್, ಸಂಗೀತದ ಆ್ಯಪ್ ಅಲ್ಲಿ ಕೂತಿರಬಹುದು. ದುಡ್ಡು ಕಡಿತವಾಗುವ 24 ಗಂಟೆ ಮುಂಚೆ ಸಂದೇಶ ಬರಬೇಕೆಂಬ ನಿಯಮ ಇದೆ. ಸುಸ್ತಾದವರು ಅದನ್ನು ಓದುವುದಿಲ್ಲ ಅಷ್ಟೇ. ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು.

ಈಗ ಭಾನುವಾರಕ್ಕೆ ಬರೋಣ. ಇದು ಕಷ್ಟದ ಜಾಗ, ನನಗೆ ಗೊತ್ತು. ಹೋಗದಿದ್ದರೆ ‘ದೊಡ್ಡವರಾಗಿಬಿಟ್ಟರು’ ಅಂತಾರೆ. ಆದರೂ ಶನಿವಾರ ರಾತ್ರಿ ಆರತಕ್ಷತೆ, ಭಾನುವಾರ ಬೆಳಿಗ್ಗೆ ಧಾರೆ, ಎರಡಕ್ಕೂ ಹೋಗಲೇಬೇಕಾದ ಮನೆಗಳು ನಿಮಗೆ ಎಷ್ಟಿವೆ? ಒಡಹುಟ್ಟಿದವರ ಮನೆ, ಜೀವದ ಗೆಳತಿಯ ಮನೆ. ಉಳಿದವರಿಗೆ ಒಂದು ಹೊತ್ತು ಸಾಕು. ಇನ್ನೂ ದೂರದವರಾದರೆ ಫೋನು ಮಾಡಿ ಹಾರೈಸಿ, ಗದ್ದಲ ಮುಗಿದ ಮೇಲೆ ಮನೆಗೇ ಹೋಗಿ ಹುಡುಗಿಯ ಕೈಗೆ ಮುಯ್ಯಿ ಕೊಟ್ಟು ಬನ್ನಿ. ಸ್ಟೇಜಿನ ಸಾಲಿನಲ್ಲಿ ನಿಂತು ಫೋಟೋಗೆ ಮುಖ ಕೊಟ್ಟು ಬರುವುದಕ್ಕಿಂತ ಇದರಲ್ಲಿ ಪ್ರೀತಿ ಜಾಸ್ತಿ ಅಂತ ನಾನು ನಂಬಿದ್ದೇನೆ. ನಿಮ್ಮ ಮನೆಯ ಮುಯ್ಯಿ ಪುಸ್ತಕ ಇದ್ದರೆ ಹುಡುಕಿ ತೆಗೆಯಿರಿ. ಅವರು ಹಾಕಿದ್ದು ಎಷ್ಟು ಅಂತ ನೋಡಿ ಹಾಕಿದರೆ ಸಂಕೋಚವೂ ಇರುವುದಿಲ್ಲ, ಅಂದಾಜಿನಲ್ಲಿ ಜಾಸ್ತಿಯೂ ಹೋಗುವುದಿಲ್ಲ. ಆಷಾಢದಲ್ಲಿ ಹೇಗೂ ಮದುವೆಗಳಿಲ್ಲ. ಆ ಭಾನುವಾರಗಳನ್ನು ಆಷಾಢ ಸೇಲ್‌ಗೆ ಕೊಡಬೇಡಿ, ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿ.

ಇನ್ನು ಚೀಟಿ. ನಡುವೆ ಬಿಡಬೇಡಿ. ಬಿಟ್ಟರೆ ಬೀದಿಯವರಿಗೆಲ್ಲ ತೊಂದರೆ, ನಿಮ್ಮ ದುಡ್ಡೂ ಸಿಕ್ಕಿಹಾಕಿಕೊಳ್ಳುತ್ತದೆ. ಮುಗಿದ ಮೇಲೆ ಹೊಸ ಚೀಟಿಗೆ ಸೇರುವ ಬದಲು ಯೋಚಿಸಿ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಚೀಟಿ ನೋಂದಣಿ ಆಗಿರಬೇಕು. ಬೀದಿ ಚೀಟಿ ನಡೆಯುವುದು ಬರೀ ನಂಬಿಕೆಯ ಮೇಲೆ. ಅದೇ ಮೊತ್ತಕ್ಕೆ ಅಂಚೆ ಕಚೇರಿಯಲ್ಲಿ 5 ವರ್ಷದ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ತೆರೆಯಬಹುದು. ತಿಂಗಳಿಗೆ 100 ರೂಪಾಯಿಂದಲೂ ಶುರು ಮಾಡಲಿಕ್ಕಾಗುತ್ತದೆ. ಸಂಬಳ ಬಂದ ದಿನವೇ ಕಟ್ಟಿ, ಅದೂ ಸಂಜೆಯೊಳಗೆ.